ಜಾಲಿಹಟ್ಟಿಯ ಲೈನು

ಕೊಟ್ಟೂರಿನಲ್ಲಿ ಕನಕಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಕನಕಮ್ಮ ಎಂದು ಜನ ತಿರುಗಿ ಕೇಳುತ್ತಾರೆ. ಡಿಶ್ ಕನಕಮ್ಮ ಎಂದರೆ ಸಾಕು. ಮಂಡಕ್ಕಿ ಭಟ್ಟಿಯವರು, ಹಡಗಲಿಯಿಂದ ಮಲ್ಲಿಗೆ ತಂದು ಬಸ್ ನಿಲ್ದಾಣದಲ್ಲಿ ಮಾರುವ ಹೆಂಗಸರು, ಯಾರಾದರೂ ಸರಿ, ದಾರಿ ತೋರಿಸುತ್ತಾರೆ. ಊರಿನ ಅರ್ಧಕ್ಕೂ ಹೆಚ್ಚು ಮನೆಗಳ ಟಿವಿಗೆ ಚಿತ್ರ ತಲುಪುತ್ತಿದ್ದದ್ದು ಅವಳ ಮನೆಯಿಂದ ಹೊರಟ ಕಪ್ಪು ಕೇಬಲ್ಲಿನ ಮೂಲಕ.

ಆ ಕೇಬಲ್ಲನ್ನು ಮೊದಲು ಎಳೆದವನು ಅವಳ ಗಂಡ ಗಂಗಾಧರ. ಮಾಳಿಗೆಯ ಮೇಲೆ ಬಾಣಲೆಯಂಥ ದೊಡ್ಡ ಡಿಶ್ ಕೂಡಿಸಿ, ಓಣಿ ಓಣಿಗೆ ತಂತಿ ಹಾಯಿಸಿ, ಸುತ್ತಲಿನ ಕೆಲವು ಹಟ್ಟಿಗಳಿಗೂ ಹೊಲದ ಬದುವಿನಲ್ಲಿ ಕಲ್ಲುಕಂಬ ನೆಟ್ಟು ಲೈನು ಒಯ್ದಿದ್ದ. ಅವನು ಎದೆನೋವಿನಿಂದ ಹಠಾತ್ತಾಗಿ ತೀರಿಕೊಂಡಾಗ ಮಗಳು ಶಿವಲೀಲಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಳು. ಮಣ್ಣು ಕೊಟ್ಟು ಬಂದ ವಾರದೊಳಗೇ ಹರಪನಹಳ್ಳಿ ಕಡೆಯ ಇಬ್ಬರು ಮಾತಾಡಿಸುವ ನೆಪದಲ್ಲಿ ಬಂದು, ಲೈನು ಮಾರುವುದಾದರೆ ನಾವೇ ತಗೊಳ್ತೇವೆ ಎಂದಿದ್ದರು. ಕನಕಮ್ಮ ಅವರಿಗೆ ಚಹಾ ಕೊಟ್ಟು, ಮಾರುವುದಿಲ್ಲ ಎಂದು ಹೇಳಿ ಕಳಿಸಿದಳು. ಅದಾದ ಮೇಲೆ ಒಂದು ಸಂಜೆ ಗಾಳಿಗೆ ತಂತಿ ಹರಿದು ಪೇಟೆ ಓಣಿಯ ಟಿವಿಗಳೆಲ್ಲ ಕಪ್ಪಾದವು. ಲೈನ್‌ಮನ್ ಚೌಡಣ್ಣ ಜ್ವರದಲ್ಲಿ ಮಲಗಿದ್ದ. ಕನಕಮ್ಮ ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಮೇಲೆ ಗಂಡನ ಅಂಗಿ ತೊಟ್ಟು, ತಾನೇ ಕಂಬ ಹತ್ತಿದಳು. ಕೆಳಗೆ ನಿಂತ ಗಂಡಸರಿಗೆ ನಗುವಷ್ಟು ಪುರುಸೊತ್ತು ಇರಲಿಲ್ಲ. ಧಾರಾವಾಹಿ ಶುರುವಾಗುವ ಹೊತ್ತಾಗಿತ್ತು. ಅವಳು ಇಳಿಯುವ ಮೊದಲೇ ಮನೆಗಳೊಳಗಿಂದ ಟಿವಿಯ ದನಿ ಕೇಳಿಸಿತು. ಅವತ್ತಿನಿಂದ ಅವಳು ಡಿಶ್ ಕನಕಮ್ಮ.

ಇಷ್ಟು ವರ್ಷ ಹೀಗೇ ನಡೆದ ಕೆಲಸ ಈಚೆಗೆ ಕುಗ್ಗತೊಡಗಿತ್ತು. ಮೊದಲು ಕಾಲೇಜಿನ ಹುಡುಗರು ಟಿವಿ ಬಿಟ್ಟು ಫೋನು ಹಿಡಿದರು. ಆಮೇಲೆ ಮನೆ ಮನೆಗೆ ಇಂಟರ್ನೆಟ್ಟಿನ ತೆಳ್ಳನೆಯ ಲೈನು ಬಂತು, ಟಿವಿಗಳೇ ನೆಟ್ಟಿಗೆ ಜೋಡಿಸುವಂಥವು ಬಂದವು. ಮುದುಕಿಯರು ಸಹ ತಮಗೆ ಬೇಕಾದ ಪುರಾಣವನ್ನು ಬೇಕಾದ ಹೊತ್ತಿಗೆ ಹಾಕಿಸಿಕೊಂಡು ನೋಡತೊಡಗಿದರು. ಜನ ಒಬ್ಬೊಬ್ಬರಾಗಿ ಸೆಟ್‌ಟಾಪ್ ಬಾಕ್ಸ್ ತಂದು ಕನಕಮ್ಮನ ಜಗಲಿಯ ಮೇಲಿಟ್ಟು, ಬೇಜಾರು ಮಾಡ್ಕೋಬ್ಯಾಡ ಅಂತ ಹೇಳಿ ಹೋಗುತ್ತಿದ್ದರು. ಗಂಗಾಧರ ಮೊಟ್ಟಮೊದಲು ಕನೆಕ್ಷನ್ ಕೊಟ್ಟಿದ್ದ ಮನೆಯವರೂ ಒಂದು ದಿನ ಬಂದರು. ಬಾಕ್ಸುಗಳು ಗೋಣಿಚೀಲಗಳಲ್ಲಿ ತುಂಬಿ ಒಳಕೋಣೆಯ ಗೋಡೆಗೆ ಒರಗಿ ಕೂತಿದ್ದವು.

ನಾವೂ ನೆಟ್ ಕೊಡೋಣ ಎಂದು ಶಿವಲೀಲಾ ವರ್ಷಗಳಿಂದ ಹೇಳುತ್ತಿದ್ದಳು. ಡಿಗ್ರಿ ಮುಗಿಸಿ ತಾಯಿಯ ಜೊತೆಗೇ ಕೆಲಸಕ್ಕೆ ನಿಂತ ಹುಡುಗಿ ಅವಳು. ಫೈಬರ್ ಜೋಡಿಸುವುದನ್ನು ಹೊಸಪೇಟೆಗೆ ಹೋಗಿ ಕಲಿತು ಬಂದಿದ್ದಳು. ಕನಕಮ್ಮ ಒಪ್ಪುತ್ತಿರಲಿಲ್ಲ. ಆ ಭಾಗದಲ್ಲಿ ನೆಟ್ ಕೊಡುತ್ತಿದ್ದವನು ಹಗರಿಬೊಮ್ಮನಹಳ್ಳಿಯ ರಾಮಾಂಜಿನಿ. ಅವನ ಹುಡುಗರು ಕೊಟ್ಟೂರಿನಲ್ಲಿ ತಮ್ಮ ಲೈನು ಎಳೆಯುವಾಗ ಕನಕಮ್ಮನ ತಂತಿಗಳನ್ನು ಎರಡು ಓಣಿಗಳಲ್ಲಿ ಕತ್ತರಿಸಿ ಹೋಗಿದ್ದರು. ಅಂಥವನ ಬಾಗಿಲಿಗೆ ಹೋಗಿ ನಿಲ್ಲುವುದು ಅವಳಿಂದಾಗದ ಮಾತಾಗಿತ್ತು.

ಹೋದ ಚಳಿಗಾಲದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಜಾಲಿಹಟ್ಟಿಯ ಜಂಬಕ್ಕ ಬಂದಳು. ಜಾಲಿಹಟ್ಟಿ ಕೂಡ್ಲಿಗಿ ರಸ್ತೆಯಿಂದ ಒಳಗೆ, ಬಂಡೆಗುಡ್ಡದ ಹಿಂದೆ ಇರುವ ಕುರಿಗಾರರ ಹಟ್ಟಿ. ಗುಡ್ಡ ಅಡ್ಡವಿರುವುದರಿಂದ ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಮಾತಾಡಬೇಕೆಂದರೆ ಬಂಡೆ ಹತ್ತಬೇಕು. ಹಾಗಾಗಿ ಆ ಹಟ್ಟಿಯವರು ಇನ್ನೂ ಕನಕಮ್ಮನ ಕೇಬಲ್ಲನ್ನೇ ಇಟ್ಟುಕೊಂಡಿದ್ದರು. ಜಂಬಕ್ಕನ ಮಗಳು ಶೃತಿ ಕೂಡ್ಲಿಗಿಯ ಹಾಸ್ಟೆಲಿನಲ್ಲಿದ್ದು ಓದುತ್ತ ಖೊ ಖೊ ಆಡುತ್ತಿದ್ದಳು. ರಾಜ್ಯದ ಹುಡುಗಿಯರ ತಂಡಕ್ಕೆ ಆಯ್ಕೆಯಾಗಿ ರಾಷ್ಟ್ರಮಟ್ಟದ ಪಂದ್ಯಕ್ಕೆ ಉತ್ತರದ ಕಡೆಗೆ ಹೋಗಿದ್ದಳು. ಮಗಳು ಆಡುವುದನ್ನು ಜಂಬಕ್ಕ ಒಮ್ಮೆಯೂ ನೋಡಿರಲಿಲ್ಲ. ಆಟ ಇದ್ದಾಗಲೆಲ್ಲ ಕುರಿ ಬಿಟ್ಟು ಹೋಗಲಾಗುತ್ತಿರಲಿಲ್ಲ.

"ಯಕ್ಕಾ, ಐತಾರ ನಮ್ಮ ಶೃತೀದು ಫೈನಲ್ ಐತಂತ, ಟಿವಿಯಾಗ ನೋಡಬೋದಂತ," ಎಂದಳು ಜಂಬಕ್ಕ. "ಯಾವ ನಂಬರಿನ್ಯಾಗ ಬರ್ತೈತಿ ಹೇಳು, ಹುಡುಗ್ರಿಗೆ ಹೇಳಿಟ್ಟಿರ್ತೀನಿ."

ಫೈನಲ್‌ಗೆ ಬಂದುಬಿಟ್ಟರಾ ಎಂದು ಕನಕಮ್ಮ ಕೇಳಿದಳು. ಇನ್ನೂ ಇಲ್ಲ ಎಂದಳು ಜಂಬಕ್ಕ. ಐತಾರದ ತನಕ ನಾವು ಸೋಲಂಗಿಲ್ಲವ್ವ, ನೀನು ಟಿವಿ ಹಚ್ಚಿಟ್ಟಿರು ಎಂದು ಮಗಳು ಫೋನಿನಲ್ಲಿ ಹೇಳಿದ್ದಳಂತೆ. ಅದನ್ನು ಹೇಳುವಾಗ ಜಂಬಕ್ಕನ ಕತ್ತು ನೆಟ್ಟಗಾಗಿತ್ತು.

ಬಾಗಿಲಲ್ಲಿ ನಿಂತಿದ್ದ ಶಿವಲೀಲಾ ತಾಯಿಗೆ ಕಣ್ಣಿನಲ್ಲೇ ಬೇಡ ಎಂದಳು. ಕನಕಮ್ಮ ಅತ್ತ ನೋಡಲಿಲ್ಲ.

"ಬರ್ತೈತಿ," ಎಂದಳು. "ನಂಬರ್ ನಾ ಬಂದು ಹೇಳ್ತೀನಿ. ನೀ ಹೋಗು."

ಜಂಬಕ್ಕ ಹೋದ ಮೇಲೆ ಶಿವಲೀಲಾ ಫೋನು ತೆಗೆದು ತೋರಿಸಿದಳು. ಹುಡುಗಿಯರ ಖೊ ಖೊ ಪಂದ್ಯವನ್ನು ಯಾವ ಚಾನೆಲ್ಲೂ ತೋರಿಸುತ್ತಿರಲಿಲ್ಲ. ಪಂದ್ಯ ನಡೆಸುವವರು ಯೂಟ್ಯೂಬಿನಲ್ಲಿ ಮಾತ್ರ ನೇರವಾಗಿ ಬಿಡುತ್ತಿದ್ದರು. ಶೃತಿ ತಾಯಿಗೆ ಟಿವಿ ಎಂದದ್ದು ಅದನ್ನೇ ಇರಬೇಕು. ಕನಕಮ್ಮನ ಕೇಬಲ್ಲಿನಲ್ಲಿ ಅದು ಬರಲು ಸಾಧ್ಯವೇ ಇರಲಿಲ್ಲ.

"ಗೊತ್ತಿದ್ದೂ ಬರ್ತೈತಿ ಅಂತ ಯಾಕ ಹೇಳಿದಿ ಅವ್ವಾ?"

"ನಂಬರ್ ಯಾವುದು ಅಂತ ಕೇಳಿದ್ಲು. ಬರ್ತೈತೋ ಇಲ್ಲೋ ಅಂತ ಕೇಳಲೇ ಇಲ್ಲ. ನಾ ಇದ್ದ ಮ್ಯಾಲೆ ಬಂದೇ ಬರ್ತೈತಿ ಅನ್ಕೊಂಡು ಬಂದಾಳ. ಅಂಥಾಕಿಗೆ ಇಲ್ಲ ಅಂತ ಹೆಂಗ ಹೇಳ್ಲಿ?"

ಜಂಬಕ್ಕನನ್ನು ಭಾನುವಾರ ಇಲ್ಲಿಗೇ ಕರೆಸಿ ನಮ್ಮ ಟಿವಿಯಲ್ಲಿ ತೋರಿಸಿದರಾಯಿತು ಎಂದಳು ಶಿವಲೀಲಾ. ಹಟ್ಟಿಯ ಉಳಿದವರು ಏನು ಮಾಡಬೇಕು ಎಂದು ಕನಕಮ್ಮ ಕೇಳಿದಳು. ಜನರನ್ನು ಟಿವಿ ಹತ್ತಿರ ಕರೆತರುವುದು ನಮ್ಮ ಕೆಲಸವಲ್ಲ, ಚಿತ್ರವನ್ನು ಜನರ ಮನೆಗೆ ಒಯ್ಯುವುದು ನಮ್ಮ ಕೆಲಸ ಎಂದಳು. ಆಮೇಲೆ ಹಗರಿಬೊಮ್ಮನಹಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ರಾಮಾಂಜಿನಿಯ ಆಫೀಸು ಹಗರಿಬೊಮ್ಮನಹಳ್ಳಿಯ ಮುಖ್ಯ ರಸ್ತೆಯಲ್ಲಿ, ಮಹಡಿಯ ಮೇಲೆ. ಕನಕಮ್ಮ ಒಳಗೆ ಬಂದದ್ದನ್ನು ನೋಡಿ ಅವನು ಕುರ್ಚಿಯಿಂದ ಎದ್ದ. ತಂತಿ ಕತ್ತರಿಸಿದ ಜಗಳ ತೆಗೆಯಲು ಬಂದಿದ್ದಾಳೆ ಎಂದೇ ಅವನಿಗೆ ಅನಿಸಿತ್ತು. ನೀರು ತರಿಸಿದ. ಅವಳು ಕುಡಿದು, ಜಾಲಿಹಟ್ಟಿಯ ವಿಷಯವನ್ನೆಲ್ಲ ಹೇಳಿದಳು. ಕೊಟ್ಟೂರಿನ ತನಕ ಬಂದಿರುವ ಅವನ ನೆಟ್ಟನ್ನು ತನ್ನ ಮನೆಗೆ ಕೊಡಬೇಕು, ಅಲ್ಲಿಂದ ಮುಂದಿನ ಲೈನನ್ನು ತಾನು ಎಳೆಯುತ್ತೇನೆ ಎಂದಳು.

ರಾಮಾಂಜಿನಿ ಬುದ್ಧಿವಂತ. ಬಂಡೆಗುಡ್ಡ ದಾಟಿಸುವ ಕೆಲಸ ತಿಂಗಳಾದರೂ ಮುಗಿಯುವುದಿಲ್ಲ ಅಂತ ತನ್ನ ಹುಡುಗರು ಕೈಬಿಟ್ಟಿದ್ದಾರೆ ಎಂದ. ಅದರ ಬದಲು ಕೊಟ್ಟೂರಿನ ಕಂಬ, ಲೈನು ಎಲ್ಲ ತನಗೇ ಬಿಟ್ಟುಕೊಟ್ಟರೆ ಶಿವಲೀಲಾಗೆ ಇಲ್ಲೇ ಕೆಲಸ ಕೊಡುತ್ತೇನೆ, ನೀವು ಮನೆಯಲ್ಲಿ ಆರಾಮಾಗಿ ಇರಬಹುದು ಎಂದ.

"ನೋಡು ತಮ್ಮಾ," ಎಂದಳು ಕನಕಮ್ಮ, "ನೆಟ್ ನಿಂದು. ಅದು ಇಲ್ಲ ಅನ್ನಾಕ ನಾ ಬಂದಿಲ್ಲ. ಕೊಟ್ಟೂರಿನ ಮನಿಗಳಿಗೆ ಹೋಗೋ ಲೈನ್ ಮಾತ್ರ ನಂದು, ಮುಂದನೂ ನಂದೇ ಇರ್ತೈತಿ. ಲೈನ್ ಕೆಟ್ರ ನಿನಗ ಫೋನ್ ಮಾಡಂಗಿಲ್ಲ, ನಾ ಹತ್ತಿ ಸರಿ ಮಾಡ್ತೀನಿ. ನೆಟ್ ನಿಂತ್ರ ನೀ ಎದ್ದು ಸರಿ ಮಾಡ್ಬೇಕು. ಆಗ್ತೈತಿ ಅಂದ್ರ ಹೇಳು, ಇಲ್ಲಾಂದ್ರ ಮೂರೂವರೆ ಬಸ್ಸಿಗೆ ಹೋಗ್ತೀನಿ."

ರಾಮಾಂಜಿನಿ ಆಗಲಿ ಎಂದ. ನಂತರ ತನ್ನ ಹುಡುಗರು ಅವಳ ತಂತಿ ಕತ್ತರಿಸಿದ್ದು ತಪ್ಪಾಯಿತು ಎಂದ. ಅದು ಅವನ ಬಾಯಿಂದ ಬರುತ್ತದೆ ಎಂದು ಕನಕಮ್ಮ ಎಣಿಸಿರಲಿಲ್ಲ. "ಐತಾರ ನಾನೇ ಮಷಿನ್ ಮುಂದ ಕುಂದರ್ತೀನಿ ಅಕ್ಕಾರ," ಎಂದು ಅವನು ಹೇಳಿದ. ಫೈಬರ್ ಜೋಡಿಸುವ ಯಂತ್ರವನ್ನೂ ಒಂದು ವಾರದ ಮಟ್ಟಿಗೆ ಕೊಟ್ಟು ಕಳಿಸಿದ.

ಮರುದಿನದಿಂದ ಕೆಲಸ ಶುರುವಾಯಿತು. ಗಂಗಾಧರ ನೆಟ್ಟ ಕಲ್ಲುಕಂಬಗಳು ರಸ್ತೆಯಿಂದ ಗುಡ್ಡದ ಬುಡದವರೆಗೆ ಇನ್ನೂ ಗಟ್ಟಿಯಾಗಿ ನಿಂತಿದ್ದವು. ಚೌಡಣ್ಣ ಫೈಬರಿನ ದೊಡ್ಡ ಸುರುಳಿಯನ್ನು ಗೂಡ್ಸ್ ಆಟೋದಲ್ಲಿ ನಿಲ್ಲಿಸಿಕೊಂಡು ಬಿಡುತ್ತ ಬಂದ. ಕನಕಮ್ಮ ಕಂಬದಿಂದ ಕಂಬಕ್ಕೆ ಅದನ್ನು ಬಿಗಿಯುತ್ತ ನಡೆದಳು. ಚೌಡಣ್ಣನಿಗೆ ಈಗ ಭುಜ ಏಳುತ್ತಿರಲಿಲ್ಲ. ಹತ್ತುವುದೆಲ್ಲ ಅವಳ ಪಾಲಿಗೇ ಬಂತು. ಜೋಳದ ಹೊಲಗಳಲ್ಲಿ ಹಕ್ಕಿ ಕಾಯುತ್ತಿದ್ದವರು ಕವಣೆ ಕೆಳಗಿಟ್ಟು ನೋಡಿದರು. ಈ ವಯಸ್ಸಿನಲ್ಲಿ ಯಾಕೆ ಹತ್ತುತ್ತೀಯಮ್ಮ ಎಂದು ಒಬ್ಬ ಕೇಳಿದ್ದಕ್ಕೆ, ಮೇಲಿನಿಂದಲೇ, ಕಂಬ ನನ್ನ ವಯಸ್ಸು ಕೇಳೋದಿಲ್ಲ ಎಂದಳು.

ಗುಡ್ಡದ ಹತ್ತಿರ ತೊಂದರೆಯಾಯಿತು. ಅಲ್ಲಿನ ಕಂಬಗಳು ಹಿಂದಿನ ಮಳೆಗಾಲದಲ್ಲಿ ಉರುಳಿ ಬಿದ್ದಿದ್ದವು. ಹಳೇ ಕೇಬಲ್ಲು ಬಂಡೆಗಳ ಮೇಲೆ ಹಾಗೇ ಮಲಗಿ ಹೇಗೋ ಕೆಲಸ ಮಾಡುತ್ತಿತ್ತು. ಫೈಬರನ್ನು ಹಾಗೆ ಬಿಡುವಂತಿರಲಿಲ್ಲ. ಒಳಗಿರುವುದು ಕೂದಲಿನಷ್ಟು ತೆಳ್ಳನೆಯ ಗಾಜಿನ ಎಳೆ, ಕುರಿ ತುಳಿದರೂ ಮುರಿಯುತ್ತದೆ. ಕಂಬ ಎತ್ತಿ ನಿಲ್ಲಿಸಲು ಮೂವರಿಂದ ಆಗುವ ಹಾಗಿರಲಿಲ್ಲ. ಕನಕಮ್ಮ ಹಟ್ಟಿಗೆ ಹೋಗಿ, ನಂಬರ್ ಹೇಳುತ್ತೇನೆ ಎಂದಿದ್ದೆ, ನಿಮ್ಮ ಶೃತಿಯ ಆಟ ಯಾವ ನಂಬರಿನಲ್ಲೂ ಬರುವುದಿಲ್ಲ, ಅದಕ್ಕೆ ಬೇರೆ ಲೈನು ಬೇಕು, ಅದನ್ನು ಎಳೆಯುತ್ತಿದ್ದೇನೆ, ಕೈ ಜೋಡಿಸಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಜಂಬಕ್ಕನಿಗೆ ಲೈನಿನ ವ್ಯತ್ಯಾಸ ಅಷ್ಟಾಗಿ ತಿಳಿಯಲಿಲ್ಲ. ಆದರೆ ಅವಳು ಎದ್ದು ಮನೆ ಮನೆಗೆ ಹೋಗಿ ಕರೆದಳು. ಗಂಡಸರು ಹಾರೆ, ಹಗ್ಗ ಹಿಡಿದು ಬಂದರು. ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದರು. ಬಂಡೆಯ ಸಂದುಗಳಲ್ಲಿ ಕುಳಿ ತೋಡಿ, ಬಿದ್ದ ಕಂಬಗಳನ್ನು ಹಗ್ಗ ಕಟ್ಟಿ ಎಳೆದು ನಿಲ್ಲಿಸಿ, ಬುಡಕ್ಕೆ ಗುಂಡುಕಲ್ಲು ಜಡಿದರು. ಶನಿವಾರ ಹೊತ್ತು ಮುಳುಗುವ ಮುಂಚೆ ಲೈನು ಗುಡ್ಡ ಹಾಯ್ದು ಹಟ್ಟಿ ಮುಟ್ಟಿತು. ಅಂದು ಮಧ್ಯಾಹ್ನವೇ ಶೃತಿಯ ತಂಡ ಫೈನಲ್‌ಗೆ ಬಂದ ಸುದ್ದಿ ಬಂದಿತ್ತು.

ಭಾನುವಾರ ಬೆಳಿಗ್ಗೆ ಶಿವಲೀಲಾ ಜಂಬಕ್ಕನ ಕಟ್ಟೆಯ ಮೇಲೆ ಕೂತು ಗಾಜಿನ ಎಳೆಗಳನ್ನು ಜೋಡಿಸಿದಳು. ಮೊದಲ ಜೋಡಣೆ ಕೂಡಲಿಲ್ಲ. ಗಾಳಿಗೆ ಧೂಳು ಬರುತ್ತಿತ್ತು. ಜಂಬಕ್ಕ ಒಳಗಿಂದ ಕಂಬಳಿ ತಂದು ಅವಳ ಸುತ್ತ ಮರೆ ಹಿಡಿದಳು. ಎರಡನೆಯ ಸಲ ಕೂಡಿತು, ಗೋಡೆಗೆ ಹಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಜಂಬಕ್ಕನ ಟಿವಿ ನೆಟ್ಟಿಗೆ ಜೋಡಿಸುವಂಥದ್ದಲ್ಲವೆಂದು ಕನಕಮ್ಮ ತನ್ನ ಮನೆಯ ಟಿವಿಯನ್ನೇ ಆಟೋದಲ್ಲಿ ತಂದಿದ್ದಳು. ಅದನ್ನು ಅಂಗಳದ ಕಡೆ ಮುಖ ಮಾಡಿ ಕಟ್ಟೆಯ ಮೇಲಿಟ್ಟು, ಬಿಸಿಲು ಬೀಳದಂತೆ ಮೇಲೆ ಮತ್ತೊಂದು ಕಂಬಳಿ ಕಟ್ಟಿದರು. ಕುರಿಗಳನ್ನು ಅವತ್ತು ಬೇಗ ತಿರುಗಿಸಿಕೊಂಡು ಬಂದು ರೊಪ್ಪಕ್ಕೆ ತುಂಬಿದ್ದರು. ಹಟ್ಟಿಗೆ ಹಟ್ಟಿಯೇ ಅಂಗಳದಲ್ಲಿ ಕೂತಿತ್ತು.

ಚಿತ್ರ ಬಂತು. ಹಸಿರು ಮ್ಯಾಟಿನ ಮೇಲೆ ಹುಡುಗಿಯರು ಸಾಲಾಗಿ ಕೂತಿದ್ದರು. ಎಲ್ಲರದೂ ಒಂದೇ ಬಣ್ಣದ ಅಂಗಿ, ಎಲ್ಲರದೂ ಬಿಗಿದು ಕಟ್ಟಿದ ಜಡೆ. ಜಂಬಕ್ಕ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದಳು, ಮಗಳು ಯಾರೆಂದು ಗೊತ್ತಾಗಲಿಲ್ಲ. ಓಟ ಶುರುವಾದ ಮೇಲೆ ಒಬ್ಬಳು ತಿರುಗುವ ಮೊದಲೇ ಕತ್ತು ತಿರುಗಿಸಿದ್ದನ್ನು ಕಂಡು ಅವಳ ಕೈ ಎದ್ದಿತು. ಮರಿ ಹಿಡಿಯಲು ಓಡುವಾಗ ಅವಳು ಹಾಗೇ ಮಾಡುವುದು ಎಂದು ಪಕ್ಕದವರಿಗೆ ಹೇಳಿದಳು.

ಟಿವಿಯ ಒಂದು ಬದಿಯಲ್ಲಿ ನೋಡುವವರು ಬರೆದ ಮಾತುಗಳು ಮೇಲೇರುತ್ತ ಹೋಗುತ್ತಿದ್ದವು. ಶಿವಲೀಲಾ ಹೊಸ ಲೈನಿನ ನೆಟ್ಟಿಗೇ ಜೋಡಿಸಿಕೊಂಡ ತನ್ನ ಫೋನಿನಿಂದ ಅಲ್ಲಿಗೆ ಬರೆದಳು: ಶೃತಿಯ ಊರಿಂದ ನೋಡುತ್ತಿದ್ದೇವೆ, ಜಾಲಿಹಟ್ಟಿ, ಕೂಡ್ಲಿಗಿ ತಾಲ್ಲೂಕು. ಅದನ್ನೇ ಇಂಗ್ಲಿಷಿನಲ್ಲೂ ಬರೆದಳು. ಸ್ವಲ್ಪ ಹೊತ್ತಿನಲ್ಲಿ ಹಿಂದಿಯಲ್ಲಿ ವಿವರಣೆ ಕೊಡುತ್ತಿದ್ದವನು ಮಾತಿನ ನಡುವೆ ನಿಂತು, ಎಡವುತ್ತ, ಜಾಲಿಹಟ್ಟಿ ಎಂದು ಓದಿದ. ಆ ಹಿಂದಿಯಲ್ಲಿ ಯಾರಿಗೂ ತಿಳಿದದ್ದು ಅದೊಂದೇ ಮಾತು. ಎಷ್ಟೋ ವರ್ಷ ಟಿವಿ ನೋಡಿದ ಆ ಹಟ್ಟಿಯ ಹೆಸರನ್ನು ಟಿವಿ ಹೇಳಿದ್ದು ಅದೇ ಮೊದಲು. ಒಬ್ಬ ಮುದುಕ ರುಮಾಲು ತೆಗೆದು ಮುಖ ಒರೆಸಿಕೊಂಡ.

ಕೊನೆಯ ಸರದಿಯಲ್ಲಿ ಶೃತಿಯ ಕಡೆಯವರು ಓಡಬೇಕಿತ್ತು. ಉಳಿದವರು ಔಟಾಗಿ ಶೃತಿಯೊಬ್ಬಳೇ ಮ್ಯಾಟಿನ ಮೇಲಿದ್ದಾಗ ಚಿತ್ರ ನಿಂತುಬಿಟ್ಟಿತು. ಶೃತಿ ಒಂದು ಕಾಲು ಎತ್ತಿದ ಹಾಗೇ ಇದ್ದಳು, ಅವಳ ಎದೆಯ ಮೇಲೆ ಬಿಳಿಯ ಸುತ್ತು ತಿರುಗುತ್ತಿತ್ತು. ಎಲ್ಲರೂ ಟಿವಿ ಬಿಟ್ಟು ಕನಕಮ್ಮನತ್ತ ತಿರುಗಿದರು. ಅವಳು ಪೆಟ್ಟಿಗೆ ನೋಡಿದಳು. ಹಸಿರು ದೀಪ ಅಲುಗದೆ ಉರಿಯುತ್ತಿತ್ತು.

"ಲೈನ್ ನೆಟ್ಟಗೈತಿ," ಎಂದಳು. "ನಿಂತಿದ್ದು ಆ ಕಡಿ."

ಫೋನು ತೆಗೆದುಕೊಂಡು ಅವಳು ಬಂಡೆಯ ಕಡೆ ಓಡಿದಳು. ಓಡಿದಳು ಎಂದರೆ ಅವಳ ವಯಸ್ಸಿಗೆ ಎಷ್ಟಾಗುತ್ತದೋ ಅಷ್ಟು. ಕೈಯೂರಿ ಬಂಡೆ ಹತ್ತಿ ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು ರಾಮಾಂಜಿನಿಗೆ ಹಚ್ಚಿದಳು. ಅವನು ಮೊದಲ ರಿಂಗಿಗೇ ಎತ್ತಿದ. ಅವನ ಆಫೀಸಿನಲ್ಲಿ ಕರೆಂಟು ಹೋಗಿತ್ತು, ತಾನಾಗಿ ಬದಲಾಗಬೇಕಿದ್ದ ಬ್ಯಾಟರಿ ಬದಲಾಗಿರಲಿಲ್ಲ. ಕೈಯಿಂದಲೇ ಜೋಡಿಸುತ್ತಿದ್ದೇನೆ, ಫೋನ್ ಇಡಬೇಡಿ ಎಂದ. ಅವನ ಏದುಸಿರು, ಏನನ್ನೋ ಎಳೆದ ಸದ್ದು ಕೇಳಿಸುತ್ತಿತ್ತು. ಕನಕಮ್ಮ ಕಿವಿಗೆ ಫೋನು ಒತ್ತಿಕೊಂಡು ನಿಂತಳು. ಅಲ್ಲಿಂದ ರಸ್ತೆಯವರೆಗೂ ಕಂಬಗಳ ಸಾಲು ಕಾಣುತ್ತಿತ್ತು. ಗಂಡ ನೆಟ್ಟವು ಯಾವುವು, ಮೊನ್ನೆ ಎತ್ತಿ ನಿಲ್ಲಿಸಿದವು ಯಾವುವು ಎಂದು ಅಷ್ಟು ದೂರದಿಂದ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ಒಂದೇ ಲೈನಾಗಿತ್ತು.

ಆಗ ಕೆಳಗೆ ಅಂಗಳದಿಂದ ಒಂದು ಹುಯಿಲು ಎದ್ದಿತು. "ಬಂತೇನ್ರಿ ಅಕ್ಕಾರ?" ಎಂದ ರಾಮಾಂಜಿನಿ. ಬಂತು ಎಂದು ಹೇಳಿ ಅವಳು ಅಲ್ಲೇ ಕೂತಳು. ಹುಯಿಲು ಮತ್ತೆ ಮತ್ತೆ ಏರುತ್ತ ಇಳಿಯುತ್ತ ಕೇಳಿಸುತ್ತಿತ್ತು. ಟಿವಿ ನೋಡುವವರ ಸದ್ದು ಕೇಳುತ್ತ ಹೊರಗೆ ನಿಲ್ಲುವುದು ಅವಳಿಗೆ ಹೊಸದಲ್ಲ. ಆದರೂ ಅವತ್ತಿನಷ್ಟು ಎದೆ ತುಂಬಿ ಕೇಳಿದ್ದು ನೆನಪಿರಲಿಲ್ಲ.

ಅವಳು ಇಳಿದು ಬರುವ ಹೊತ್ತಿಗೆ ಆಟ ಮುಗಿದಿತ್ತು. ಶೃತಿಯ ತಂಡ ಒಂದು ಅಂಕದಿಂದ ಸೋತಿತ್ತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಏನಾಯಿತೆಂದು ಹೇಳತೊಡಗಿದರು. ಶೃತಿ ಒಬ್ಬಳೇ ಅಷ್ಟು ಹೊತ್ತು ಕೈಗೆ ಸಿಗದೆ ಓಡಿದ್ದು, ಇನ್ನೇನು ಸಮಯ ಮುಗಿಯಿತು ಎನ್ನುವಾಗ ಕಂಬದ ಹತ್ತಿರ ಒಬ್ಬಳು ಮೈಚೆಲ್ಲಿ ಜಿಗಿದು ಅವಳ ಹಿಮ್ಮಡಿ ಮುಟ್ಟಿದ್ದು. ಸೋತದ್ದಕ್ಕೆ ಯಾರೂ ಮುಖ ಸಣ್ಣ ಮಾಡಿಕೊಂಡಿರಲಿಲ್ಲ.

ನಾನು ನೋಡಲೇ ಇಲ್ಲವಲ್ಲ ಎಂದಳು ಕನಕಮ್ಮ. ಶಿವಲೀಲಾ ನಕ್ಕು ರಿಮೋಟು ಹಿಡಿದು ಹಿಂದಕ್ಕೆ ಎಳೆದಳು. ಮುಗಿದುಹೋದ ಆಟ ತಿರುಗಿ ಶುರುವಾಯಿತು. ಒಂದು ಸಲ ಬಂದು ಹೋದದ್ದು ಹೋಯಿತು, ಹೊತ್ತಿಗೆ ಸರಿಯಾಗಿ ಕೂತವರಿಗಷ್ಟೇ ಚಿತ್ರ ಎಂದು ಬದುಕಿಡೀ ನಂಬಿದ್ದವಳು ಕನಕಮ್ಮ. ಸೀರಿಯಲ್ಲು ತಪ್ಪಿತೆಂದು ತನ್ನ ಜೊತೆ ಜಗಳವಾಡಿದ ಎಷ್ಟೋ ಜನ ಅವಳಿಗೆ ನೆನಪಾದರು. ಅಂಗಳದವರು ಆಗಲೇ ನೋಡಿದ್ದನ್ನು ಅವಳ ಜೊತೆ ಮತ್ತೆ ಅಷ್ಟೇ ಉಸಿರು ಬಿಗಿಹಿಡಿದು ನೋಡಿದರು. ಹಿಮ್ಮಡಿಗೆ ಕೈ ತಾಕಿದಾಗ ಮತ್ತೆ ಹುಯಿಲೆದ್ದಿತು.

ಜಂಬಕ್ಕ ಕಣ್ಣೊರೆಸಿಕೊಂಡು ಕನಕಮ್ಮನ ಕೈ ಹಿಡಿದಳು. "ಸೋತ್ರ ಏನಾತು ಯಕ್ಕಾ. ಮುಂದಿನ ಸಲ ಆಡ್ತಾಳ. ನೋಡಾಕ ಲೈನ್ ಐತಲ್ಲ."

ಆ ವಾರವೇ ಕನಕಮ್ಮ ರಾಮಾಂಜಿನಿಯೊಡನೆ ಮಾತು ಮುಗಿಸಿ, ಕೊಟ್ಟೂರಿನ ಓಣಿಗಳಲ್ಲಿ ಫೈಬರ್ ಎಳೆಯಲು ಶುರುಮಾಡಿದಳು. ಬಾಕ್ಸ್ ತಂದಿಟ್ಟು ಹೋದ ಮನೆಗಳಿಗೆ ಅವಳೇ ಹೋಗಿ, ಈಗ ನೆಟ್ಟೂ ನನ್ನ ಹತ್ತಿರ ಐತಿ ಎಂದಳು. ಕೆಲವರು ಬಂದರು, ಕೆಲವರು ಬರಲಿಲ್ಲ. ಜಾಲಿಹಟ್ಟಿಯಲ್ಲಂತೂ ಬಹುತೇಕ ಎಲ್ಲ ಮನೆಯವರೂ ಕೇಳಿದರು.

ಶೃತಿ ಊರಿಗೆ ಬಂದ ದಿನ ಕನಕಮ್ಮ ಜಂಬಕ್ಕನ ಪಕ್ಕದ ಮನೆಗೆ ಲೈನು ಕೊಡುತ್ತ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಜಂಬಕ್ಕ ಮಗಳನ್ನು, ಕನಕಮ್ಮ ಅಲ್ಲೇ ಬಿಟ್ಟುಹೋಗಿದ್ದ ಟಿವಿಯ ಮುಂದೆ ಕೂಡಿಸಿ ಆಟ ಹಾಕಿದ್ದಳು. ಅವಳು ಅದನ್ನು ಎಷ್ಟು ಸಲ ನೋಡಿದ್ದಳೋ, ನಿಲ್ಲಿಸುವುದು ಎಲ್ಲಿ ಎಂದು ಬಾಯಿಪಾಠವಾಗಿತ್ತು.

"ಇಲ್ಲಿ ನೋಡು, ಈಕಿ ಎಡಕ್ಕ ಬರಾಕತ್ತಾಳ. ನೀ ಯಾಕ ಎಡಕ್ಕ ತಿರುಗಿದಿ?"

ಆಟದ ನಿಯಮ ನಿನಗೇನು ಗೊತ್ತು ಎಂದು ಶೃತಿ ವಾದಕ್ಕಿಳಿದಳು. ಜಂಬಕ್ಕ ಬಿಡದೆ ಇನ್ನಷ್ಟು ಹಿಂದಕ್ಕೆ ಎಳೆದು ತೋರಿಸಿದಳು. ಆಮೇಲೆ ಹೌದಲ್ಲ ಅವ್ವಾ, ಬಲಕ್ಕ ಹೋಗಬೇಕಿತ್ತು ಎಂದಳು ಶೃತಿ. ಕನಕಮ್ಮ ಸುತ್ತಿಗೆ ಹಿಡಿದ ಕೈ ಇಳಿಸಿ, ತಾಯಿ ಮಗಳು ಮತ್ತೆ ಮೊದಲಿನಿಂದ ಹಾಕುವುದನ್ನು ಕೇಳುತ್ತ ಗೋಡೆಗೆ ಒರಗಿ ನಿಂತಳು.